ವಿಟಮಿನ್ ಬಿ1 ಕೊರತೆಯಿಂದ ಬರುವ ಬೆರಿಬೆರಿ ಕಾಯಿಲೆ ದೂರ ಇಡಲು ಯಾವ ಅಕ್ಕಿ ತರಬೇಕು? ಬಿಳಿಯದೋ, ತೌಡು ಉಳಿದದ್ದೋ, ಕುಚ್ಚಲಕ್ಕಿಯೋ?

ನನ್ನ ತವರು ಪುತ್ತೂರು ಕಡೆ, ಗಂಡನ ಮನೆ ಮಂಡ್ಯ. ಅಲ್ಲಿ ಎರಡು ಹೊತ್ತೂ ಕುಚ್ಚಲಕ್ಕಿ, ಅಂದರೆ ಭತ್ತವನ್ನೇ ಬೇಯಿಸಿ ಒಣಗಿಸಿ ಮಾಡಿಸಿದ ಅಕ್ಕಿ. ಇಲ್ಲಿ ಮುದ್ದೆ, ಅದರ ಹಿಂದೆ ಮಲ್ಲಿಗೆಯಂಥ ಬಿಳಿ ಅನ್ನ. ಮದುವೆಯಾದ ಹೊಸದರಲ್ಲಿ ಊರಿಂದ ತಂದ ಕುಚ್ಚಲಕ್ಕಿ ಬೇಯಿಸಿದ್ದೆ. ಅತ್ತೆ ಮುಚ್ಚಳ ತೆಗೆದು ನೋಡಿ, "ಇದೇನಮ್ಮ, ಅಗುಳು ಇಷ್ಟು ದಪ್ಪ ಇದೆ, ಇನ್ನೂ ಬೆಂದೇ ಇಲ್ವಲ್ಲ" ಅಂದಿದ್ದರು. ಆಗ ನನಗೆ ಅದು ರುಚಿಯ ವಿಷಯ ಅಷ್ಟೇ ಆಗಿತ್ತು. ಅವರಿಗೆ ಅವರ ಅನ್ನ, ನನಗೆ ನನ್ನ ಗಂಜಿ.

ನಾಲ್ಕು ವರ್ಷದ ನಂತರ ನಾದಿನಿ ಮೊದಲ ಬಾಣಂತನಕ್ಕೆ ಮನೆಗೆ ಬಂದಳು. ಪಥ್ಯ ಶುರುವಾಯಿತು. ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ. ಬೇಳೆ ಕೊಡಬಾರದು, ಮಗುವಿಗೆ ವಾಯು. ಕಾಳು ಬೇಡ, ಹೊಟ್ಟೆ ಉಬ್ಬರ. ಸೊಪ್ಪು ಶೀತ, ರಾಗಿ ತಂಪು, ಕಡಲೆಕಾಯಿ ಪಿತ್ತ. ಒಂದೊಂದಕ್ಕೂ ಒಂದೊಂದು ಕಾರಣ. ಐದನೇ ವಾರದಲ್ಲಿ ಅವಳು ಕಾಲು ಜೋಮು ಹಿಡಿದ ಹಾಗಿದೆ ಅನ್ನತೊಡಗಿದಳು. ನೆಲದ ಮೇಲೆ ಕೂತು ಮಗುವಿಗೆ ಎಣ್ಣೆ ಹಚ್ಚಿ ಎದ್ದೇಳಲು ಗೋಡೆ ಹಿಡಿಯಬೇಕಾಯಿತು. ಬಾಣಂತಿ ಸುಸ್ತು ಅಂದುಕೊಂಡೆವು. ಡಾಕ್ಟರ್ ಮಾತ್ರ ಕಾಲು ಮುಟ್ಟಿ ನೋಡುವ ಮೊದಲೇ ಕೇಳಿದ್ದು, "ಏನು ಊಟ ಮಾಡ್ತಾ ಇದೀಯಮ್ಮ?" ಎಂದು. ಥಯಮಿನ್ ಅಂದರೆ ವಿಟಮಿನ್ ಬಿ1 ಮಾತ್ರೆ ಬರೆದುಕೊಟ್ಟರು. ಇವತ್ತಿನಿಂದಲೇ ಬೇಳೆ, ಕಾಳು, ರಾಗಿ ಶುರು ಮಾಡಿ ಅಂದರು. ಹದಿನೈದು ದಿನದಲ್ಲಿ ಕಾಲಿಗೆ ಬಲ ಬಂತು. ಜೋಮು ಪೂರ್ತಿ ಬಿಡಲು ಇನ್ನೂ ಕೆಲವು ವಾರ ಹಿಡಿಯಿತು.

ಅಲ್ಲಿಂದ ನಾನು ಅಂಗಡಿಯಲ್ಲಿ ಅಕ್ಕಿ ಮೂಟೆ ನೋಡುವ ಕಣ್ಣೇ ಬದಲಾಯಿತು. ಅಕ್ಕಿಗಳಲ್ಲಿ ಯಾವುದು ಯಾರಿಗೆ ಒಳ್ಳೆಯದು ಅಂತ ಕೇಳುವವರಿಗೆ, ನಾನು ತಿಳಿದುಕೊಂಡಿದ್ದನ್ನು ಇಲ್ಲಿ ಹೇಳುತ್ತೇನೆ.

ಬಿ1 ಕಡಿಮೆಯಾದರೆ ಏನಾಗುತ್ತದೆ

ತಿಂದ ಅನ್ನ ಶಕ್ತಿಯಾಗಬೇಕಾದರೆ ದೇಹಕ್ಕೆ ಬಿ1 ಬೇಕು. ಅನ್ನ ಜಾಸ್ತಿ ತಿಂದಷ್ಟೂ ಬಿ1 ಬೇಡಿಕೆಯೂ ಜಾಸ್ತಿ. ಇದನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ದೇಹದಲ್ಲಿ ಇದರ ದಾಸ್ತಾನು ತೀರಾ ಕಡಿಮೆ, ಒಟ್ಟು 30 ಮಿಲಿಗ್ರಾಂ ಆಸುಪಾಸು. ಊಟದಲ್ಲಿ ಬರುವುದು ನಿಂತರೆ ಎರಡು ಮೂರು ವಾರದಲ್ಲೇ ಕೊರತೆ ಶುರು. ಬಿ12 ಥರ ವರ್ಷಗಟ್ಟಲೆ ಕಾಪಾಡುವ ಗಂಟು ಇದಕ್ಕೆ ಇಲ್ಲ.

ಕೊರತೆ ಬಲಿತರೆ ಅದೇ ಬೆರಿಬೆರಿ. ಒಣ ಬೆರಿಬೆರಿಯಲ್ಲಿ ನರಗಳಿಗೆ ಪೆಟ್ಟು: ಪಾದ ಉರಿ, ಜೋಮು, ಮೀನಖಂಡದಲ್ಲಿ ನೋವು. ಕುಕ್ಕರುಗಾಲಿನಲ್ಲಿ ಕೂತವರು ಕೈ ಊರದೆ ಏಳಲಾಗುವುದಿಲ್ಲ. ಒದ್ದೆ ಬೆರಿಬೆರಿಯಲ್ಲಿ ಹೃದಯಕ್ಕೆ ಪೆಟ್ಟು: ಕಾಲು ಊತ, ಎದೆ ಬಡಿತ, ನಾಲ್ಕು ಹೆಜ್ಜೆಗೆ ಏದುಸಿರು. ಎಲ್ಲಕ್ಕಿಂತ ಭಯದ್ದು ಹಸುಗೂಸಿನ ಬೆರಿಬೆರಿ. ತಾಯಿಯಲ್ಲಿ ಬಿ1 ಕಡಿಮೆ ಇದ್ದರೆ ಎದೆಹಾಲಿನಲ್ಲೂ ಕಡಿಮೆ. ತಾಯಿ ಮೇಲ್ನೋಟಕ್ಕೆ ಚೆನ್ನಾಗೇ ಇರಬಹುದು. ಮಗು ಹಾಲು ಕುಡಿಯುವುದು ಬಿಡುತ್ತದೆ, ವಾಂತಿ ಮಾಡುತ್ತದೆ, ಉಸಿರು ಜೋರಾಗುತ್ತದೆ. ಕೆಲವೊಮ್ಮೆ ಅಳುವಾಗ ಗಂಟಲೇ ಕೂತಂತೆ ದನಿ ಒಡೆದಿರುತ್ತದೆ.

ಇದೆಲ್ಲ ಹಳೇ ಕಾಲದ ಕಾಯಿಲೆ ಅಂದುಕೊಳ್ಳಬೇಡಿ. ಬೆಂಗಳೂರಿನ ಮಕ್ಕಳ ಹೃದ್ರೋಗ ತಜ್ಞರು ಈಚಿನ ವರ್ಷಗಳಲ್ಲೇ ಇಂಥ ಕೂಸುಗಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಎದೆಹಾಲು ಮಾತ್ರ ಕುಡಿಯುವ ಕೂಸುಗಳು. ತಾಯಂದಿರ ಪಥ್ಯದ ಊಟ ಬಹುಪಾಲು ಪಾಲಿಶ್ ಅಕ್ಕಿಯ ಅನ್ನ. ಶ್ವಾಸಕೋಶದ ರಕ್ತದೊತ್ತಡ ಏರಿ ಜೀವ ಹೋಗುವ ಸ್ಥಿತಿಯಲ್ಲಿ ಬಂದ ಮಕ್ಕಳು ಥಯಮಿನ್ ಇಂಜೆಕ್ಷನ್ ಕೊಟ್ಟ ಮೇಲೆ ಚೇತರಿಸಿಕೊಂಡವು. ಓದಿದಾಗ ನನಗೆ ಮೈ ಜುಮ್ಮೆಂದಿತು. ನಮ್ಮ ಮನೆಯ ಪಥ್ಯಕ್ಕೂ ಆ ಪಥ್ಯಕ್ಕೂ ವ್ಯತ್ಯಾಸವೇ ಇರಲಿಲ್ಲ.

ಅಕ್ಕಿಗೂ ಇದಕ್ಕೂ ಏನು ನಂಟು

ಭತ್ತದ ಮೇಲೆ ಹೊಟ್ಟು. ಅದರ ಕೆಳಗೆ ತೌಡಿನ ಪದರ, ತುದಿಯಲ್ಲಿ ಮೊಳಕೆ ಬರುವ ಕಣ್ಣು. ಒಳಗೆ ಬಿಳಿ ಪಿಷ್ಟ. ಬಿ1 ಹೆಚ್ಚಾಗಿ ಇರುವುದು ತೌಡು ಮತ್ತು ಕಣ್ಣಿನಲ್ಲಿ. ಮಿಲ್ಲಿನಲ್ಲಿ ಪಾಲಿಶ್ ಮಾಡಿದಾಗ ಇವೆರಡೂ ಹೋಗಿ ಹಸುವಿನ ಬಾನಿ ಸೇರುತ್ತವೆ. ನಮಗೆ ಉಳಿಯುವುದು ಪಿಷ್ಟ. ಬಿ1 ಬೇಡುವ ಪಿಷ್ಟ ಪೂರ್ತಿ ಉಳಿಯಿತು, ಬಿ1 ಮಾತ್ರ ಹೋಯಿತು.

ಇದನ್ನು ಮೊದಲು ತೋರಿಸಿಕೊಟ್ಟಿದ್ದು ಕೋಳಿಗಳು. 19ನೇ ಶತಮಾನದ ಕೊನೆಯಲ್ಲಿ, ಈಗ ಜಕಾರ್ತ ಅನ್ನುವ ಬಟಾವಿಯಾದಲ್ಲಿ, ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಬೆರಿಬೆರಿಗೆ ಕಾರಣವಾದ ರೋಗಾಣು ಹುಡುಕುತ್ತಿದ್ದರು. ಪ್ರಯೋಗದ ಕೋಳಿಗಳು ಕಾಲು ಸೋತು ಬೀಳತೊಡಗಿದವು. ಸ್ವಲ್ಪ ತಿಂಗಳಲ್ಲಿ ತಾವಾಗಿಯೇ ಸರಿಹೋದವು. ವಿಚಾರಿಸಿದರೆ, ಅಷ್ಟು ದಿನ ಅವಕ್ಕೆ ಹಾಕುತ್ತಿದ್ದದ್ದು ಮಿಲಿಟರಿ ಆಸ್ಪತ್ರೆಯಲ್ಲಿ ಉಳಿದ ಬಿಳಿ ಅನ್ನ. ಹೊಸದಾಗಿ ಬಂದ ಅಡುಗೆಯವನು ಸೈನ್ಯದ ಅನ್ನವನ್ನು ಕೋಳಿಗೆ ಕೊಡುವುದಿಲ್ಲ ಅಂದುಬಿಟ್ಟ. ಆಮೇಲೆ ಅವಕ್ಕೆ ಸಿಕ್ಕಿದ್ದು ತೌಡು ಇದ್ದ ಅಕ್ಕಿ. ಈ ಜಾಡು ಹಿಡಿದ ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಅವರ ಗೆಳೆಯ ವೋರ್ಡರ್‌ಮನ್ ಜಾವಾದ ಜೈಲುಗಳನ್ನೆಲ್ಲ ಸುತ್ತಿ ಲೆಕ್ಕ ಹಾಕಿದರು. ಸುಮಾರು 2,80,000 ಕೈದಿಗಳ ಲೆಕ್ಕ ಅದು. ಪಾಲಿಶ್ ಅಕ್ಕಿಯ ಜೈಲುಗಳಲ್ಲಿ 39 ಜನರಿಗೆ ಒಬ್ಬರಿಗೆ ಬೆರಿಬೆರಿ. ತೌಡು ಇದ್ದ ಅಕ್ಕಿಯ ಜೈಲುಗಳಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು.

ನಮ್ಮಲ್ಲಿ ಇನ್ನೊಂದು ಕತೆ ಇದೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಬೆರಿಬೆರಿಯನ್ನು ವಿಚಾರಿಸಲೆಂದೇ ಒಂದು ಕೋಣೆಯ ಪುಟ್ಟ ಪ್ರಯೋಗಾಲಯ ಶುರುವಾಯಿತು. ರಾಬರ್ಟ್ ಮೆಕ್‌ಕ್ಯಾರಿಸನ್ ಅದನ್ನು ನಡೆಸಿದರು. ಬೆಳೆಯುತ್ತಾ ಬೆಳೆಯುತ್ತಾ ಅದೇ ಇವತ್ತಿನ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಯಾವ ಕಾಳಿನಲ್ಲಿ ಎಷ್ಟು ವಿಟಮಿನ್ ಎಂದು ನಾವು ನೋಡುವ ಪಟ್ಟಿ ಆ ಸಂಸ್ಥೆಯದ್ದೇ. ಅಂದರೆ ನಮ್ಮ ದೇಶದ ಪೋಷಣೆಯ ಲೆಕ್ಕವೆಲ್ಲ ಶುರುವಾದದ್ದು ಬೆರಿಬೆರಿಯ ಪ್ರಶ್ನೆಯಿಂದ.

ಆ ಪಟ್ಟಿಯ ಮೂರು ಅಂಕಿ ನೆನಪಿಟ್ಟುಕೊಂಡರೆ ಸಾಕು. 100 ಗ್ರಾಂ ಬೇಯಿಸದ ಅಕ್ಕಿಯಲ್ಲಿ ಬಿ1 ಎಷ್ಟು ಅನ್ನುವ ಲೆಕ್ಕ ಇದು. ಪಾಲಿಶ್ ಮಾಡಿದ ಬೆಳ್ತಿಗೆಯಲ್ಲಿ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಯಲ್ಲಿ, ಸುಮಾರು 0.05 ಮಿಲಿಗ್ರಾಂ. ಪಾಲಿಶ್ ಆದ ಕುಚ್ಚಲಕ್ಕಿಯಲ್ಲಿ ಸುಮಾರು 0.17. ತೌಡು ಉಳಿದ ಅಕ್ಕಿಯಲ್ಲಿ ಸುಮಾರು 0.27. ದೊಡ್ಡವರಿಗೆ ದಿನಕ್ಕೆ 1.4 ಮಿಲಿಗ್ರಾಂ ಹತ್ತಿರ ಬೇಕು. ಎದೆಹಾಲು ಕೊಡುವ ತಾಯಿಗೆ 2ರ ಹತ್ತಿರ. ಮೂರು ಹೊತ್ತು ಅನ್ನ ಉಣ್ಣುವವರು ದಿನಕ್ಕೆ 300 ಗ್ರಾಂ ಅಕ್ಕಿ ಬಳಸಿದರು ಅಂದುಕೊಳ್ಳಿ. ಬಿಳಿ ಅಕ್ಕಿಯಿಂದ ಸಿಗುವುದು 0.15. ಅದೂ ತೊಳೆದು, ಬೇಯಿಸುವ ಮೊದಲಿನ ಲೆಕ್ಕ. ಕುಚ್ಚಲಕ್ಕಿಯಿಂದ ಅರ್ಧ ಮಿಲಿಗ್ರಾಂ, ತೌಡು ಇದ್ದದ್ದರಿಂದ 0.8. ಯಾವ ಅಕ್ಕಿಯೂ ಒಂಟಿಯಾಗಿ ಸಾಲುವುದಿಲ್ಲ. ಆದರೆ ಒಂದು ಬರಿಗೈಯಲ್ಲಿ ಬರುತ್ತದೆ, ಇನ್ನೊಂದು ಅರ್ಧ ದಾರಿ ಕರೆದುಕೊಂಡು ಹೋಗುತ್ತದೆ.

ಬಿಳಿ ಅಕ್ಕಿ ಯಾರಿಗೆ ಪರವಾಗಿಲ್ಲ

ಸೋನಾ ಮಸೂರಿ ತಿನ್ನುವವರೆಲ್ಲ ಹೆದರಬೇಕಿಲ್ಲ. ತಟ್ಟೆಯಲ್ಲಿ ಏನೇನಿದೆ ಅನ್ನುವುದು ಮುಖ್ಯ. ನಮ್ಮ ಮಂಡ್ಯದ ಮಾಮೂಲಿ ಊಟ ತಗೊಳ್ಳಿ: ರಾಗಿ ಮುದ್ದೆ, ಅವರೆಕಾಳೋ ಹುರುಳಿಕಾಳೋ ಹಾಕಿದ ಸಾರು, ಕೊನೆಗೆ ಎರಡು ತುತ್ತು ಅನ್ನ ಮಜ್ಜಿಗೆ. ರಾಗಿಯಲ್ಲಿ 100 ಗ್ರಾಂಗೆ 0.35 ಮಿಲಿಗ್ರಾಂ ಆಸುಪಾಸು ಬಿ1 ಇದೆ. ಉತ್ತರ ಕರ್ನಾಟಕದ ಜೋಳದಲ್ಲೂ ಹೆಚ್ಚುಕಡಿಮೆ ಅಷ್ಟೇ. ಕಾಳುಗಳಲ್ಲಿ ಇನ್ನೂ ಜಾಸ್ತಿ. ಇಂಥ ಮನೆಯಲ್ಲಿ ಆ ಎರಡು ತುತ್ತು ಯಾವ ಅಕ್ಕಿಯದು ಅನ್ನುವುದು ದೊಡ್ಡ ವಿಷಯವಲ್ಲ. ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ ತಿನ್ನುವ ಬಾಗಲಕೋಟೆಯ ಮನೆಗೂ ಅದೇ ಮಾತು.

ತೊಂದರೆ ಬರುವುದು ಅನ್ನವೇ ಊಟವಾದಾಗ. ಪಿಜಿಯಲ್ಲಿದ್ದು ಮೂರು ಹೊತ್ತೂ ಚಿತ್ರಾನ್ನ, ಅನ್ನ, ತಿಳಿಸಾರು ಅನ್ನುವ ಹುಡುಗರು. ಹಲ್ಲಿಲ್ಲದೆ ಮೊಸರನ್ನಕ್ಕೆ ಇಳಿದ ಅಜ್ಜ ಅಜ್ಜಿಯರು. ಬಸುರಿನಲ್ಲಿ ವಾಂತಿ ನಿಲ್ಲದೆ ಬರೀ ಗಂಜಿ ಕುಡಿಯುವವರು. ಪಥ್ಯದ ಬಾಣಂತಿಯರು. ಇವರಿಗೆ ಅಕ್ಕಿಯ ಆಯ್ಕೆ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ.

ತೌಡು ಉಳಿದ ಅಕ್ಕಿ: ಅಂಕಿಯಲ್ಲಿ ಮುಂದೆ, ಮನೆಯಲ್ಲಿ ಕಷ್ಟ

ಅಂಗಡಿಯಲ್ಲಿ ಬ್ರೌನ್ ರೈಸ್ ಅನ್ನುತ್ತಾರೆ. ಹೊಟ್ಟು ಮಾತ್ರ ತೆಗೆದದ್ದು. ಬಿ1 ಇದರಲ್ಲೇ ಜಾಸ್ತಿ, ನಾರೂ ಜಾಸ್ತಿ. ಬರೀ ಅಂಕಿ ನೋಡಿದರೆ ಇದನ್ನೇ ತರಬೇಕು. ಆದರೆ ನಾನು ಮೂರು ಸಲ ತಂದು ಮೂರು ಸಲವೂ ಅರ್ಧ ಚೀಲ ಹಾಗೇ ಉಳಿದದ್ದನ್ನು ನೋಡಿದ್ದೇನೆ. ಎರಡು ಮೂರು ಗಂಟೆ ನೆನೆಸದಿದ್ದರೆ ಬೇಯುವುದಿಲ್ಲ. ಅಗಿದು ಅಗಿದು ದವಡೆ ನೋಯುತ್ತದೆ ಅಂತ ಮಾವನವರ ದೂರು. ಮಕ್ಕಳು ತಟ್ಟೆಯ ಅಂಚಿಗೆ ತಳ್ಳುತ್ತಾರೆ. ತೌಡಿನಲ್ಲಿ ಎಣ್ಣೆ ಇರುವುದರಿಂದ ಬೇಗ ಕಮಟು ವಾಸನೆಯೂ ಬರುತ್ತದೆ. ಒಂದು ತಿಂಗಳಿಗೆ ಆಗುವಷ್ಟು ಮಾತ್ರ ತನ್ನಿ, ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿಡಿ. ಒಬ್ಬರೋ ಇಬ್ಬರೋ ಇರುವ ಮನೆ, ರುಚಿಗೆ ಒಗ್ಗಿಕೊಳ್ಳುವ ಮನಸ್ಸು ಇದ್ದರೆ ಇದು ಒಳ್ಳೆ ಆಯ್ಕೆ.

ಕೆಂಪಕ್ಕಿಯ ಬಗ್ಗೆ ಒಂದು ಎಚ್ಚರಿಕೆ. ಕೆಂಪು ಬಣ್ಣ ಇರುವುದು ತೌಡಿನ ಪದರದಲ್ಲಿ. ರಾಜಮುಡಿ ಅಂತ ಕೊಟ್ಟರೂ ಅದನ್ನೂ ಪಾಲಿಶ್ ಮಾಡಿ ಮಾರುತ್ತಾರೆ. ಅಗುಳನ್ನು ಅಂಗೈಯಲ್ಲಿ ಹಾಕಿ ಬೆಳಕಿಗೆ ಹಿಡಿಯಿರಿ. ಕೆಂಪು ಪೂರ್ತಿ ಆವರಿಸಿದ್ದರೆ ತೌಡು ಇದೆ. ಅಲ್ಲಲ್ಲಿ ಕೆಂಪು ಗೀರು ಉಳಿದು ಮಿಕ್ಕಿದ್ದು ಬೆಳ್ಳಗಿದ್ದರೆ ತೌಡು ಮಿಲ್ಲಿನಲ್ಲೇ ಉಳಿದಿದೆ. ಹೆಸರಿಗೆ ದುಡ್ಡು ಕೊಡಬೇಡಿ, ಅಗುಳು ನೋಡಿ ಕೊಡಿ.

ಕುಚ್ಚಲಕ್ಕಿ: ನಡುವಿನ ದಾರಿ

ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ. ತವರಿನ ಅಭಿಮಾನ ಅಂತ ಅಂದುಕೊಂಡರೂ ಸರಿ.

ಅಜ್ಜನ ಮನೆಯಲ್ಲಿ ಭತ್ತ ಬೇಯಿಸುವ ದಿನ ನನಗೆ ಚೆನ್ನಾಗಿ ನೆನಪಿದೆ. ಹಿಂದಿನ ದಿನವೇ ಭತ್ತ ನೀರಿಗೆ ಬಿದ್ದಿರುತ್ತಿತ್ತು. ಬೆಳಗಿನ ಜಾವ ಅಂಗಳದ ಮೂಲೆಯ ಒಲೆಯ ಮೇಲೆ ತಾಮ್ರದ ಹಂಡೆ. ತೆಂಗಿನ ಮಡಲು ಉರಿಸಿ ಬೇಯಿಸುವುದು. ಭತ್ತದ ಬಾಯಿ ಒಡೆದು ಒಳಗಿನ ಅಕ್ಕಿ ಇಣುಕಿದರೆ ಹದ ಬಂತು. ಬಿಸಿ ಬಿಸಿ ಭತ್ತವನ್ನು ಸಗಣಿ ಸಾರಿಸಿದ ಅಂಗಳದಲ್ಲಿ ಹರವುತ್ತಿದ್ದರು. ನಾವು ಮಕ್ಕಳು ಕಾಲಲ್ಲಿ ಗೀರು ಎಳೆಯುತ್ತಾ ಅದನ್ನು ಕೆದಕಬೇಕು. ಅಜ್ಜಿ ಆಗಾಗ ಒಂದು ಕಾಳು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. 'ಕಟ್' ಅಂದರೆ ಒಣಗಿತು, ಮಿಲ್ಲಿಗೆ ಕಳಿಸಬಹುದು.

ಆ ಹಂಡೆಯೊಳಗೆ ನಡೆಯುತ್ತಿದ್ದದ್ದು ಇಷ್ಟು. ಬಿ1 ನೀರಿನಲ್ಲಿ ಕರಗುತ್ತದೆ. ಭತ್ತ ನೆನೆದಾಗ ತೌಡು ಮತ್ತು ಕಣ್ಣಿನಲ್ಲಿದ್ದ ಬಿ1 ಕರಗಿ, ನೀರಿನ ಜೊತೆ ಅಕ್ಕಿಯ ಒಳಕ್ಕೆ ಇಳಿಯುತ್ತದೆ. ಬೇಯುವಾಗ ಪಿಷ್ಟ ಅಂಟಾಗಿ ಅದನ್ನು ಅಲ್ಲೇ ಹಿಡಿದುಕೊಳ್ಳುತ್ತದೆ. ಆಮೇಲೆ ಪಾಲಿಶ್ ಮಾಡಿದರೂ ತೌಡು ಹೋಗುತ್ತದೆ ಹೊರತು ಒಳಗೆ ಇಳಿದ ಬಿ1ರಲ್ಲಿ ಒಂದು ಪಾಲು ಉಳಿಯುತ್ತದೆ. ಅದಕ್ಕೇ ಬೆಳ್ತಿಗೆಗಿಂತ ಮೂರು ಪಟ್ಟು ಜಾಸ್ತಿ.

ಇದು ಬರೀ ಲೆಕ್ಕದ ಮಾತಲ್ಲ. 1905ರಲ್ಲಿ ಕೌಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯರು ಇದನ್ನು ಪರೀಕ್ಷೆ ಮಾಡಿದರು. ರೋಗಿಗಳಲ್ಲಿ ಒಂದು ಗುಂಪಿಗೆ ಸಯಾಮಿನ (ಈಗಿನ ಥಾಯ್ಲೆಂಡ್) ಬಿಳಿ ಅಕ್ಕಿ, ಇನ್ನೊಂದು ಗುಂಪಿಗೆ ಭಾರತದ ಕುಚ್ಚಲಕ್ಕಿ. ಜಾಗದಿಂದ ರೋಗ ಬರುತ್ತದೆಯೇ ಅಂತ ತಿಳಿಯಲು ನಡುವೆ ಗುಂಪುಗಳ ವಾರ್ಡನ್ನೂ ಅದಲುಬದಲು ಮಾಡಿದರು. ಬಿಳಿ ಅಕ್ಕಿಯ ಗುಂಪಿನಲ್ಲಿ 18 ಜನ ಬೆರಿಬೆರಿಯಿಂದ ತೀರಿಕೊಂಡರು. ಕುಚ್ಚಲಕ್ಕಿಯ ಗುಂಪಿನಲ್ಲಿ ಹೊಸದಾಗಿ ಒಬ್ಬರಿಗೂ ಬರಲಿಲ್ಲ. ಬರುವಾಗಲೇ ಕಾಯಿಲೆ ಇದ್ದವರು ಇಬ್ಬರಿದ್ದರು, ಅಷ್ಟೇ. ಈಗ ಮಲೇಷ್ಯಾ ಅನ್ನುವ ಮಲಯಾದಲ್ಲಿ ದುಡಿಯಲು ಹೋದ ತಮಿಳು ಕೂಲಿಗಳಿಗೆ ಯಾಕೆ ಬೆರಿಬೆರಿ ಅಷ್ಟಾಗಿ ಕಾಡಲಿಲ್ಲ ಅನ್ನುವುದಕ್ಕೆ ಉತ್ತರವೂ ಇದೇ. ಅವರು ಊರಿನಂತೆಯೇ ಕುಚ್ಚಲಕ್ಕಿ ಉಣ್ಣುತ್ತಿದ್ದರು. (ಇಂಥ ಪರೀಕ್ಷೆಗೆ ಈ ಕಾಲದಲ್ಲಿ ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಆ 18 ಜನರನ್ನು ಯಾರೂ ಕೇಳಿರಲಿಲ್ಲ.)

ಕುಚ್ಚಲಕ್ಕಿಯ ಇನ್ನೊಂದು ಒಳ್ಳೆ ಗುಣ, ತೌಡು ಇದ್ದ ಅಕ್ಕಿಯಷ್ಟು ಬೇಗ ಕೆಡುವುದಿಲ್ಲ. ಹುಳವೂ ಕಡಿಮೆ. ವಾಸನೆ ಹಿಡಿಸುವುದಿಲ್ಲ ಅನ್ನುವವರಿಗೆ ಒಂದು ವಿಷಯ. ಭತ್ತವನ್ನು ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆಹಾಕಿದರೆ ಹುಳಿತು ಆ ವಾಸನೆ ಬರುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಿಸಿನೀರಿನಲ್ಲಿ ಕೆಲವೇ ಗಂಟೆ ನೆನೆಸುವ ವಿಧಾನ ರೂಪಿಸಿದ್ದಾರೆ. ಹಾಗೆ ಮಾಡಿದ ಅಕ್ಕಿಯಲ್ಲಿ ವಾಸನೆ ಅಷ್ಟಿಲ್ಲ. ಒಂದು ಬ್ರ್ಯಾಂಡು ಹಿಡಿಸದಿದ್ದರೆ ಇನ್ನೊಂದು ನೋಡಿ.

ನನ್ನನ್ನು ಕೇಳಿದರೆ, ಅನ್ನವನ್ನೇ ನೆಚ್ಚಿದ ಮನೆಗೆ ಇದೇ ಸರಿ. ಬ್ರೌನ್ ರೈಸಿಗಿಂತ ಅಂಕಿಯಲ್ಲಿ ಹಿಂದೆ, ನಿಜ. ಆದರೆ ದಿನಾ ತಟ್ಟೆಗೆ ಬರುವ 0.17, ಡಬ್ಬದಲ್ಲೇ ಉಳಿಯುವ 0.27ಕ್ಕಿಂತ ಜಾಸ್ತಿ ಅಲ್ವಾ?

ಸ್ಟೀಮ್ ರೈಸ್, ಇಡ್ಲಿ ಅಕ್ಕಿ

ಸೋನಾ ಮಸೂರಿ ಕೊಳ್ಳುವಾಗ ಅಂಗಡಿಯವರು "ರಾ ಬೇಕಾ, ಸ್ಟೀಮಾ?" ಅಂತ ಕೇಳುತ್ತಾರೆ. ಸ್ಟೀಮ್ ಅಂದರೆ ಭತ್ತಕ್ಕೆ ಸ್ವಲ್ಪ ಹೊತ್ತು ಹಬೆ ಕೊಟ್ಟದ್ದು. ಅನ್ನ ಉದುರಾಗಿ ಬರಲಿ ಅಂತ ಮಾಡುತ್ತಾರೆ. ಕುಚ್ಚಲಕ್ಕಿಯಂತೆ ನೆನೆದು ಬೆಂದದ್ದಲ್ಲ. ಹಾಗಾಗಿ ಎರಡೂ ಒಂದೇ ಅಂದುಕೊಳ್ಳಬೇಡಿ. ಇಡ್ಲಿ ಅಕ್ಕಿ ಮಾತ್ರ ಸಾಮಾನ್ಯವಾಗಿ ಕುಚ್ಚಲಕ್ಕಿಯೇ. ಅದರ ಜೊತೆ ಉದ್ದಿನಬೇಳೆ ಬೇರೆ ಸೇರುತ್ತದೆ. ಬಾಯಿ ಕೆಟ್ಟವರಿಗೆ, ಹಲ್ಲಿಲ್ಲದವರಿಗೆ ಬರೀ ಅನ್ನ ಕಲಸಿ ಕೊಡುವ ಬದಲು ಎರಡು ಇಡ್ಲಿ ಕೊಟ್ಟು ನೋಡಿ.

ರೇಷನ್ ಅಕ್ಕಿಯಲ್ಲಿ ಬಿ1 ಇದೆಯಾ?

ನ್ಯಾಯಬೆಲೆ ಅಂಗಡಿಯ ಸಾರವರ್ಧಿತ ಅಕ್ಕಿಯಲ್ಲಿ ವಿಟಮಿನ್ ಹಾಕಿರುತ್ತಾರೆ, ಹಾಗಾಗಿ ಚಿಂತೆ ಇಲ್ಲ ಅನ್ನುವವರು ಇದ್ದಾರೆ. ಇಲ್ಲಿ ಸ್ವಲ್ಪ ಗಮನ ಇಟ್ಟು ನೋಡಬೇಕು. ನೂರು ಅಗುಳಿಗೆ ಒಂದರಂತೆ ಬೆರೆಸುವ ಆ ವಿಶೇಷ ಅಗುಳಿನಲ್ಲಿ ಕಡ್ಡಾಯವಾಗಿ ಇರಬೇಕಾದದ್ದು ಕಬ್ಬಿಣ, ಫೋಲಿಕ್ ಆಮ್ಲ, ಬಿ12. ಮೂರೂ ರಕ್ತಹೀನತೆ ತಡೆಯಲು. ಬಿ1 ಸೇರಿಸಲು ನಿಯಮದಲ್ಲಿ ಅವಕಾಶ ಇದೆ, ಕಡ್ಡಾಯ ಇಲ್ಲ. ಹಾಗಾಗಿ ಬೆರಿಬೆರಿಯ ಮಟ್ಟಿಗೆ ಈ ಅಕ್ಕಿಯನ್ನು ಬಿಳಿ ಅಕ್ಕಿ ಅಂತಲೇ ಎಣಿಸಿ, ಜೊತೆಗೆ ಕಾಳು ಇರಲಿ. ಆ ಅಗುಳುಗಳು ಪ್ಲಾಸ್ಟಿಕ್ ಅಂತ ಆರಿಸಿ ಎಸೆಯುವವರನ್ನು ನಾನೇ ನೋಡಿದ್ದೇನೆ. ಅಕ್ಕಿ ಹಿಟ್ಟಿನಲ್ಲೇ ಮಾಡಿದ್ದು ಅದು, ದಯವಿಟ್ಟು ಎಸೆಯಬೇಡಿ. ರಕ್ತಕ್ಕೆ ಬೇಕಾದದ್ದು ಅದರಲ್ಲಿದೆ.

ಅಮೆರಿಕದಲ್ಲಿರುವ ನಮ್ಮವರಿಗೆ ಬೇರೆ ಮಾತು. ಅಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ 'ಎನ್‌ರಿಚ್ಡ್' ಅಂತ ಬರೆದ ಬಿಳಿ ಅಕ್ಕಿಗೆ ಬಿ1 ಸೇರಿಸಿರುತ್ತಾರೆ. ಎಷ್ಟೋ ಸಲ ಅದು ಅಗುಳಿನ ಮೇಲೆ ಸವರಿದ ಪುಡಿ. ನಮ್ಮ ಅಭ್ಯಾಸದಂತೆ ಮೂರು ನೀರು ತೊಳೆದರೆ ಅದು ಸಿಂಕಿಗೆ ಹೋಗುತ್ತದೆ. ಇಂಡಿಯನ್ ಸ್ಟೋರಿನ ಮೂಟೆಯಲ್ಲಿ ಆ ಪದ ಇದೆಯಾ ಇಲ್ಲವಾ ನೋಡಿಕೊಳ್ಳಿ.

ತೊಳೆಯುವುದು, ಬಸಿಯುವುದು, ಸೋಡಾ

ಒಳ್ಳೆ ಅಕ್ಕಿ ತಂದೂ ಅಡುಗೆಮನೆಯಲ್ಲಿ ಕಳೆದುಕೊಳ್ಳಬಹುದು. ಬಿ1 ನೀರಿಗೆ ಬಿಡುತ್ತದೆ ಅಂದೆನಲ್ಲ. ನೀರು ತಿಳಿಯಾಗುವ ತನಕ ಉಜ್ಜಿ ಉಜ್ಜಿ ತೊಳೆದರೆ ಅಕ್ಕಚ್ಚಿನ ಜೊತೆ ಅದೂ ಹೋಗುತ್ತದೆ. ಒಂದು ಸಲ, ಹೆಚ್ಚೆಂದರೆ ಎರಡು ಸಲ, ಮೆಲ್ಲಗೆ ತೊಳೆಯಿರಿ. ನೆನೆಸಿದ ನೀರಿನಲ್ಲೇ ಬೇಯಿಸಿ. ಜಾಸ್ತಿ ನೀರಿಟ್ಟು ಬಸಿಯುವ ಮನೆಗಳಲ್ಲಿ ಬಿ1 ಗಂಜಿಯ ಜೊತೆ ಹೊರಗೆ. ನಮ್ಮ ಊರಲ್ಲಿ ಆ ಬಿಸಿ ತಿಳಿಗೆ ಉಪ್ಪು ಹಾಕಿ ಕುಡಿಯುತ್ತೇವೆ. ಅದು ನಿಜಕ್ಕೂ ಒಳ್ಳೆ ರೂಢಿ. ಕುಕ್ಕರಿನಲ್ಲಿ ಅಳತೆ ನೀರಿಟ್ಟರೆ ಈ ಚಿಂತೆಯೇ ಇಲ್ಲ.

ಕಡಲೆಕಾಳು, ಬಟಾಣಿ ಬೇಗ ಬೇಯಲಿ ಅಂತ ಚಿಟಿಕೆ ಅಡುಗೆ ಸೋಡಾ ಹಾಕುತ್ತೇವಲ್ಲ, ಅದು ಬಿ1ಗೆ ಶತ್ರು. ಕಾಳಿನಲ್ಲಿದ್ದದ್ದನ್ನೂ ಹಾಳು ಮಾಡುತ್ತದೆ. ರಾತ್ರಿ ನೆನೆಹಾಕಿ, ಸೋಡಾ ಬಿಡಿ. ಊಟದ ಜೊತೆಗೇ ಕಾಫಿ ಟೀ ಕುಡಿಯುವುದೂ ಒಳ್ಳೆಯದಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಅಕ್ಕಿ ಬದಲಿಸಲು ಆಗದಿದ್ದರೆ

ಎಲ್ಲ ಮನೆಯಲ್ಲೂ ಅಕ್ಕಿ ಆರಿಸುವ ಸ್ವಾತಂತ್ರ್ಯ ಇರುವುದಿಲ್ಲ. ರೇಷನ್ನಿನಲ್ಲಿ ಬಂದದ್ದನ್ನೇ ಉಣ್ಣಬೇಕು. ಆಗ ಜೊತೆಯದ್ದನ್ನು ಬದಲಿಸಿ. ಹೆಸರುಕಾಳು, ಅಲಸಂದೆ, ಹುರುಳಿ, ಎಳ್ಳು, ಕಡಲೆಕಾಯಿ, ಎಲ್ಲದರಲ್ಲೂ ಬಿ1 ಚೆನ್ನಾಗಿದೆ. ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ ಬರುವ ಬಿ1, 300 ಗ್ರಾಂ ಬಿಳಿ ಅಕ್ಕಿಯದ್ದಕ್ಕೆ ಸಮ ಅಥವಾ ಜಾಸ್ತಿ. ಮಾಂಸ ತಿನ್ನುವವರಲ್ಲಿ ಕೊಡಗಿನವರು ಪುಣ್ಯವಂತರು, ಹಂದಿ ಮಾಂಸದಷ್ಟು ಬಿ1 ಇರುವ ಮಾಂಸ ಬೇರೆ ಇಲ್ಲ. ಹಾಲು, ತುಪ್ಪ, ಮೊಸರು ಒಳ್ಳೆಯವೇ, ಆದರೆ ಬಿ1ಗೆ ಅವನ್ನು ನೆಚ್ಚಬೇಡಿ.

ಬಾಣಂತಿಗೆ ಏನು ಕೊಡುವುದು

ಇಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಹಿರಿಯರ ಪಥ್ಯದಲ್ಲಿ ಪ್ರೀತಿ ಇದೆ, ಆರೈಕೆ ಇದೆ. ಮೆಣಸು, ಬೆಳ್ಳುಳ್ಳಿ, ತುಪ್ಪ, ಬಿಸಿನೀರಿನ ಸ್ನಾನ, ಯಾವುದಕ್ಕೂ ನನ್ನ ತಕರಾರಿಲ್ಲ. ತಕರಾರು ಬೇಳೆ ಕಾಳು ನಿಲ್ಲಿಸುವುದಕ್ಕೆ ಮಾತ್ರ. ತಾಯಿ ಬೇಳೆ ತಿಂದ ಮಾತ್ರಕ್ಕೆ ಕೂಸಿಗೆ ವಾಯು ಆಗುವುದಿಲ್ಲ. ಹೊಟ್ಟೆಗೆ ಹಗುರ ಇರಲಿ ಅಂದರೆ ಹೆಸರುಬೇಳೆ ತೊವ್ವೆ ಮಾಡಿ, ಅದಕ್ಕೇ ಮೆಣಸು, ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿ. ಅತ್ತೆಯವರಿಗೂ ಸಮಾಧಾನ, ಮಗುವಿಗೂ ಬಿ1. ಬಿಳಿ ಅನ್ನದ ಬದಲು ಮೆತ್ತಗೆ ಬೇಯಿಸಿದ ಕುಚ್ಚಲಕ್ಕಿ ಗಂಜಿ, ತುಪ್ಪ ಹಾಕಿ ಕೊಡಬಹುದು. ಎಳ್ಳು ಬೆಲ್ಲದ ಉಂಡೆಯನ್ನಂತೂ ಪಥ್ಯದವರೂ ಬೇಡ ಅನ್ನುವುದಿಲ್ಲ. ಪಥ್ಯ ಬಿಡಿಸಲು ಆಗುವುದೇ ಇಲ್ಲ ಅಂದರೆ ಡಾಕ್ಟರಿಗೆ ಹಾಗಂತಲೇ ಹೇಳಿ, ಬಿ1 ಇರುವ ಮಾತ್ರೆ ಬರೆಸಿಕೊಳ್ಳಿ. ಕಬ್ಬಿಣದ ಮಾತ್ರೆ ತಗೊಳ್ತಿದೀವಿ, ಅದೇ ಸಾಕು ಅನ್ನಬೇಡಿ. ಅದರಲ್ಲಿ ಸಾಮಾನ್ಯವಾಗಿ ಬಿ1 ಇರುವುದಿಲ್ಲ.

ಊಟ ಸಾಲದು, ಆಸ್ಪತ್ರೆಗೆ ಓಡಬೇಕಾದದ್ದು ಯಾವಾಗ

ಅಕ್ಕಿ, ಕಾಳು ಎಲ್ಲ ಕಾಯಿಲೆ ಬಾರದಿರಲು. ಬಂದ ಮೇಲೆ ಔಷಧಿಯೇ ಬೇಕು. ಕಾಲು ಜೋಮು, ಸುಸ್ತು ಇದ್ದರೆ ಮಾತ್ರೆಯಿಂದ ಸರಿಹೋಗಬಹುದು, ಆದರೆ ಸಕ್ಕರೆ ಕಾಯಿಲೆ, ಬಿ12 ಕೊರತೆಯಲ್ಲೂ ಹೀಗೇ ಆಗುತ್ತದೆ. ಹಾಗಾಗಿ ಅಂಗಡಿಯಿಂದ ಸುಮ್ನೆ ಬಿ ಕಾಂಪ್ಲೆಕ್ಸ್ ತಂದು ನುಂಗುವ ಬದಲು ಒಮ್ಮೆ ತೋರಿಸಿ.

ಕಾಲು ಊದಿ ಏದುಸಿರು ಬಂದರೆ, ಕೂಸು ಹಾಲು ಬಿಟ್ಟು ಉಸಿರಾಡಲು ಕಷ್ಟಪಟ್ಟರೆ, ಒಂದು ಗಂಟೆಯೂ ಕಾಯಬೇಡಿ. ಅಲ್ಲಿ ಇಂಜೆಕ್ಷನ್ ಬೇಕು. ಕೂಸನ್ನು ಕರೆದುಕೊಂಡು ಹೋದಾಗ, ಯಾರೂ ಕೇಳದಿದ್ದರೂ, ತಾಯಿ ಏನು ಊಟ ಮಾಡುತ್ತಿದ್ದಾಳೆ ಅನ್ನುವುದನ್ನು ನೀವೇ ಹೇಳಿ. ಕುಡಿತದ ಚಟ ಇರುವವರಲ್ಲಿ ಈ ಕೊರತೆ ಮಿದುಳಿಗೇ ತಟ್ಟುತ್ತದೆ. ತೂರಾಡುವುದು, ಕಣ್ಣು ಒಂದೇ ಕಡೆ ನಿಲ್ಲದಿರುವುದು, ಮಾತು ಗಲಿಬಿಲಿ. ನೋಡಿದವರು ಕುಡಿದ ಮತ್ತು ಅಂದುಕೊಂಡು ಬಿಡುತ್ತಾರೆ. ಅವರಿಗೆ ಬಿ1 ಕೊಡದೆ ಗ್ಲೂಕೋಸ್ ಡ್ರಿಪ್ ಮಾತ್ರ ಹಾಕಿದರೆ ಕೊರತೆ ಇನ್ನೂ ಬಿಗಡಾಯಿಸಬಹುದು. ಅದಕ್ಕೇ ಕುಡಿತದ ವಿಷಯ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.

ಮೊದಲ ಸಲ ಕುಚ್ಚಲಕ್ಕಿ ಬೇಯಿಸುವವರಿಗೆ

ಎಷ್ಟೋ ಜನ ಒಂದು ಸಲ ಮಾಡಿ, ಬೇಯಲಿಲ್ಲ ಅಂತ ಬಿಟ್ಟುಬಿಡುತ್ತಾರೆ. ಒಂದು ಲೋಟ ಅಕ್ಕಿಯನ್ನು ಒಂದು ಸಲ ತೊಳೆದು, ನಾಲ್ಕು ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಅದೇ ನೀರಿನಲ್ಲಿ ಕುಕ್ಕರಿಗಿಟ್ಟು ಐದಾರು ಸೀಟಿ ಕೂಗಿಸಿ, ಉರಿ ಆರಿಸಿ, ಆವಿ ತಾನಾಗಿ ಇಳಿಯುವ ತನಕ ಮುಚ್ಚಳ ಮುಟ್ಟಬೇಡಿ. ಆ ಕೊನೆಯ ಇಪ್ಪತ್ತು ನಿಮಿಷದಲ್ಲೇ ಅಗುಳು ಅರಳುವುದು. ತೆಗೆದಾಗ ಸ್ವಲ್ಪ ಗಂಜಿ ಉಳಿದಿರುತ್ತದೆ, ಚೆಲ್ಲಬೇಡಿ. ಮೊದಲ ವಾರ ರಾತ್ರಿ ಊಟಕ್ಕೆ ಮಾತ್ರ ಮಾಡಿ. ಜೊತೆಗೆ ಹುರುಳಿ ಸಾರು, ಒಂದು ಉಪ್ಪಿನಕಾಯಿ, ಸುಟ್ಟ ಹಪ್ಪಳ ಇರಲಿ. ಬಿಳಿ ಅನ್ನಕ್ಕೆ ಹಾಕುವ ತಿಳಿಸಾರು ಇದಕ್ಕೆ ಅಷ್ಟು ಹೊಂದುವುದಿಲ್ಲ, ಗಟ್ಟಿ ಸಾರೇ ಬೇಕು. ನಮ್ಮತ್ತೆ ಒಪ್ಪಿಕೊಂಡದ್ದೂ ಹುರುಳಿ ಸಾರಿನ ಜೊತೆಗೇ. ಈಗ ಮಳೆ ಹಿಡಿದ ದಿನ ಅವರೇ ಕೇಳುತ್ತಾರೆ, "ಇವತ್ತು ನಿಮ್ಮೂರ ಅಕ್ಕಿ ಇಡ್ತೀಯೇನಮ್ಮ?"